ಬೀಜಕ್ಕೆಂದು ಎತ್ತಿಟ್ಟ ಕಾಳು

"ಹಾಲು ಉಕ್ತಿದೆ ನೋಡಿ..."

ಮಾತು ಬಂದದ್ದು ಬಾಗಿಲಿನಿಂದಲ್ಲ, ಕಿಟಕಿಯಿಂದಲೂ ಅಲ್ಲ. ನೆತ್ತಿಯ ಮೇಲಿನಿಂದ! ಅವಳು ಬೆಚ್ಚಿ ತಲೆಯೆತ್ತಿದಳು. ಅಡುಗೆಮನೆಯ ಮಾಡಿನಲ್ಲಿ ನಾಲ್ಕು ಹೆಂಚಿನಷ್ಟು ಜಾಗ ತೆರೆದುಕೊಂಡಿತ್ತು. ಅಲ್ಲೊಂದಿಷ್ಟು ಆಕಾಶ, ಅದರ ನಡುವೆ ಒಂದು ಮುಖ. ಮೂಗಿನ ತುದಿಗೆ ಮಸಿ, ಕಣ್ಣಲ್ಲಿ ತುಂಟ ನಗು.

ಅಷ್ಟರಲ್ಲಿ ಹಾಲು ಉಕ್ಕಿಯೇ ಬಿಟ್ಟಿತು.

"ನಿಮ್ಮನ್ನ ನೋಡ್ತಾ ನಿಂತಿದ್ದಕ್ಕೇ ಉಕ್ಕಿದ್ದು," ಎಂದು ಸಿಡುಕಿದಳು. ಅಯ್ಯೋ, ಏನಂದುಬಿಟ್ಟೆ ಎಂದು ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಮೇಲಿದ್ದವನು ಮಾತ್ರ ಆ ಒಂದು ಮಾತನ್ನೇ ಮೆಲುಕು ಹಾಕುತ್ತಾ ಸಂಜೆಯವರೆಗೆ ಹೆಂಚು ಜೋಡಿಸಿದ.

ಅವಳು ಪಟ್ಟಣದ ಹೊಲಿಗೆ ಅಂಗಡಿಯಲ್ಲಿ ಟೈಲರ್. ಸೋದರತ್ತೆ ಜಾರಿಬಿದ್ದು ಕೈ ಮುರಿದುಕೊಂಡರೆಂದು ಒಂದು ತಿಂಗಳು ರಜೆ ಹಾಕಿ ಹಳ್ಳಿಗೆ ಬಂದಿದ್ದಳು. ಅತ್ತೆಗೆ ಅವಳು ಚಿಕ್ಕಂದಿನಿಂದಲೂ 'ಸೂಜಿ'. ಮೈಕಟ್ಟು ಹಾಗೆ, ನಾಲಿಗೆಯೂ ಹಾಗೆ! ಮೇಲಿದ್ದವನು ಊರಿನ ಹೆಂಚಿನವನು. ಎಲ್ಲರ ಮನೆಯ ಮಾಡು ಸರಿಮಾಡುವ ಈ ಮಹಾರಾಯನ ಸ್ವಂತ ಮನೆ ಮಾತ್ರ ಜರಡಿಯಂತೆ ಸೋರುತ್ತಿತ್ತು.

ಪಟ್ಟಣದಲ್ಲಿ ಪೊಟ್ಟಣ ಬಿಚ್ಚಿ, ಬಿಸಿನೀರು ಸುರಿದು ತಿಂದವಳಿಗೆ ಅತ್ತೆಯ ಅಡುಗೆಮನೆ ಬೇರೆಯದೇ ಲೋಕ. ಬೆಳಿಗ್ಗೆ ಒಂದು ಕಡ್ಡಿ ಗೀರಿದರೆ ಮುಗಿಯಿತು, ಕೆಂಡ ಬೂದಿಯೊಳಗೆ ರಾತ್ರಿಯವರೆಗೂ ಉಸಿರಾಡುತ್ತಿತ್ತು. ಹಾಲು ಒಡೆದರೆ ಆ ನೀರಿನಲ್ಲೇ ಹಿಟ್ಟು ಕಲಸುವುದು. ಸೊಪ್ಪು ತೊಳೆದ ನೀರು ಬದನೆ ಗಿಡಕ್ಕೆ. ಆರುವ ಒಲೆಯ ಬೂದಿಯಲ್ಲಿ ಹುದುಗಿಸಿಟ್ಟ ಒಂದು ಈರುಳ್ಳಿ, ಮೇಲೆ ಎರಡು ಹರಳು ಉಪ್ಪು... ಮೊದಲ ಸಲ ಅದನ್ನು ಬಾಯಿಗಿಟ್ಟಾಗ ಅವಳಿಗೆ ಕಣ್ಣೀರೇ ಬಂದಿತ್ತು.

"ಅತ್ತೆ, ಇದು ಬರೀ ಈರುಳ್ಳೀನಾ?"

"ಇನ್ನೇನು, ಬಂಗಾರವಾ? ತಿನ್ನೇ ಸುಮ್ನೆ."

ಹೆಂಚಿನ ಕೆಲಸ ಎರಡೇ ದಿನದ್ದು, ಆದರೆ ಎಂಟು ದಿನ ನಡೆಯಿತು. ಯಾಕೆ ಎಂದು ನನ್ನನ್ನೇನು ಕೇಳುತ್ತೀರಿ, ನಿಮಗೂ ಗೊತ್ತು! ಇವಳು ಕೆಳಗೆ ತರಕಾರಿ ಹೆಚ್ಚುವಳು, ಅವನು ಮೇಲೆ ಹೆಂಚು ಸವರುವನು. ಬದನೆಯನ್ನು ಎಷ್ಟು ಎಳೆಯದಾಗಿದ್ದಾಗ ಕೀಳಬೇಕು, ಜೇನು ಯಾವ ಹೂವಿಗೆ ಬಂದರೆ ಯಾವ ರುಚಿ ಎಂದೆಲ್ಲ ಅವನು ಹೇಳುತ್ತಿದ್ದರೆ ಅವಳು ಚಾಕು ಹಿಡಿದು ಬಾಯಿ ತೆರೆದು ಕೇಳುತ್ತಿದ್ದಳು. ಒಬ್ಬ ಮನುಷ್ಯನಿಗೆ ಇಷ್ಟೆಲ್ಲ ಗೊತ್ತಿರೋಕೆ ಸಾಧ್ಯವಾ? ಗೊತ್ತಿದ್ದೂ ಇಷ್ಟು ಸದ್ದಿಲ್ಲದೆ ಇರೋಕೆ ಸಾಧ್ಯವಾ?

ಕೊನೆಯ ದಿನ ಅತ್ತೆ ಕೈಯ ಕಟ್ಟು ತೋರಿಸಲು ಆಸ್ಪತ್ರೆಗೆ ಹೊರಟರು. ಹೋಗುವಾಗ, ಅವನಿಗೆ ಇವತ್ತು ಊಟ ಹಾಕಿ ಕಳಿಸು, ಮನೆಯಲ್ಲಿ ಏನಿದೆಯೋ ಅದನ್ನೇ ಮಾಡು ಎಂದಿದ್ದರು.

ಮನೆಯಲ್ಲಿ ಏನಿದೆ? ಒಲೆಯ ಮೇಲಿನ ಹಲಗೆಯಲ್ಲಿ ಹೊಗೆ ಹಿಡಿದ ಒಂದು ಪುಟ್ಟ ಡಬ್ಬಿ ಕಂಡಿತು. ಮುಚ್ಚಳ ತೆಗೆದಳು. ಬಿಳಿ ಕಾಳು, ಪ್ರತಿಯೊಂದರ ಹೊಟ್ಟೆಯ ಮೇಲೂ ಕುಂಕುಮ ಬಣ್ಣದ ಒಂದು ಮಚ್ಚೆ. ಎಷ್ಟು ಚಂದ! ಎರಡು ಹಿಡಿ ಇತ್ತು, ಎರಡನ್ನೂ ಬಿಸಿನೀರಿಗೆ ಸುರಿದಳು. ಈರುಳ್ಳಿ, ಬೆಳ್ಳುಳ್ಳಿ, ಮೆಣಸು ಹಾಕಿ ಮಧ್ಯಾಹ್ನದವರೆಗೆ ಸಣ್ಣ ಉರಿಯಲ್ಲಿ ಬೇಯಿಸಿದಳು.

ತಟ್ಟೆ ಮುಂದಿಟ್ಟಾಗ ಅವನ ಕೈ ಒಂದು ಗಳಿಗೆ ಹಾಗೆಯೇ ನಿಂತಿತು.

"ಯಾಕೆ, ಹಿಡಿಸಲಿಲ್ವಾ?"

"ಇಲ್ಲ ಇಲ್ಲ..." ಅವನು ಒಂದು ತುತ್ತು ತಿಂದ. ಎರಡನೆಯದು. ಆಮೇಲೆ ತಲೆಯೆತ್ತದೆ, "ಇನ್ನೊಂದು ಸ್ವಲ್ಪ ಬಡಿಸಿ," ಎಂದ.

ಮೂರು ಸಲ ಬಡಿಸಿಕೊಂಡ. ಪಾತ್ರೆ ಖಾಲಿಯಾಯಿತು, ಅವಳಿಗೆ ರುಚಿ ನೋಡಲೂ ಉಳಿಯಲಿಲ್ಲ. ಬೇಕಾಗಿಯೂ ಇರಲಿಲ್ಲ, ಅವಳ ಹೊಟ್ಟೆ ಆಗಲೇ ತುಂಬಿತ್ತು.

ಸಂಜೆ ಅತ್ತೆ ಬಂದರು. ಸೂಜಿ ಕುಣಿಯುತ್ತಾ ಎಲ್ಲ ಹೇಳಿದಳು. ಅತ್ತೆ ಹಲಗೆಯ ಕಡೆ ನೋಡಿದರು, ಖಾಲಿ ಡಬ್ಬಿ ನೋಡಿದರು, ಹಾಗೆಯೇ ನೆಲದ ಮೇಲೆ ಕೂತುಬಿಟ್ಟರು.

"ಅದು ಊಟದ ಕಾಳಲ್ಲ ಕಣೇ... ಬೀಜ. ಅವನ ಅಮ್ಮನ ಬೀಜ."

ಇಪ್ಪತ್ತು ವರ್ಷ ಆಕೆ ಆ ಕಾಳನ್ನು ಆರಿಸಿ ಆರಿಸಿ ಬೆಳೆಸಿದ್ದರು. ಹೋದ ವರ್ಷ ಆಕೆ ಆಸ್ಪತ್ರೆಯಲ್ಲಿ ಮಲಗಿದಾಗ ಮಗ ಹಾಸಿಗೆಯ ಪಕ್ಕ ಬಿಟ್ಟು ಕದಲಿರಲಿಲ್ಲ. ಇತ್ತ ಮನೆ ಸೋರಿ, ಕೂಡಿಟ್ಟ ಬೀಜವೆಲ್ಲ ಬೂಷ್ಟು ಹಿಡಿಯಿತು. ಅಮ್ಮನೂ ಉಳಿಯಲಿಲ್ಲ. ಉಳಿದದ್ದು ಆ ಎರಡು ಹಿಡಿ. ಹೊಗೆಯಾಡುವ ಜಾಗದಲ್ಲಿ ಹುಳ ಬೀಳದೆಂದು ಅತ್ತೆಯ ಒಲೆಯ ಮೇಲೆ ತಂದಿಟ್ಟಿದ್ದ. ಮುಂದಿನ ವಾರ ಬಿತ್ತಬೇಕಿತ್ತು.

ಅವಳು ಖಾಲಿ ಡಬ್ಬಿಯನ್ನು ಕೈಗೆತ್ತಿಕೊಂಡಳು. ಗೊತ್ತಿದ್ದೂ ತಿಂದನಾ? ನನ್ನೆದುರು ಕೂತು, ತಾಯಿಯ ಕೊನೆಯ ಬೀಜವನ್ನ...

ಬೆಳಿಗ್ಗೆ ಎದ್ದವಳೇ ಅವನ ಮನೆಗೆ ಓಡಿದಳು. ಬೀಗ. ಮುಖ ನೋಡಲೂ ಮನಸ್ಸಿಲ್ಲ ಅವನಿಗೆ, ಇನ್ನೇನು ಉಳಿಯಿತು ಎಂದು ಅಲ್ಲೇ ಕುಸಿದಳು. ಪಕ್ಕದ ಮನೆಯ ಕುಂಬಾರ ಮಾತ್ರ ಬಿದ್ದು ಬಿದ್ದು ನಗುತ್ತಿದ್ದ. ಹೆಂಚಿನವನು ಹಸಿವಾಯಿತೆಂದು ತನ್ನ ಬೀಜವನ್ನು ತಾನೇ ಬೇಯಿಸಿಕೊಂಡನಂತೆ, ಈಗ ಎಲ್ಲಾದರೂ ನಾಲ್ಕು ಕಾಳು ಸಿಕ್ಕೀತಾ ಎಂದು ಮನೆಮನೆ ಅಲೆಯುತ್ತಿದ್ದಾನಂತೆ!

ತಾನೇ... ಬೇಯಿಸಿಕೊಂಡನಂತೆ.

ಅವಳೂ ಎದ್ದು ಆ ಕಾಳನ್ನು ಹುಡುಕುತ್ತಾ ಮನೆಮನೆ ಹೊರಟಳು. ಹೋದ ಮನೆಯಲ್ಲೆಲ್ಲ ಅದೇ ಕಥೆ, ಅದೇ ನಗು. ಇಡೀ ಊರಿನ ಎದುರು ದಡ್ಡನಾಗಿದ್ದ ಅವನು, ಇವಳ ಹೆಸರೆತ್ತದೆ. ಪ್ರೀತಿ ಎಂದರೆ ಹೂವು, ಕಾಗದ, ಸಿಹಿಮಾತು ಎಂದುಕೊಂಡಿದ್ದವಳು ಬಿಸಿಲಲ್ಲೇ ನಿಂತುಬಿಟ್ಟಳು. ಇಂಥದ್ದೂ ಒಂದು ಇರುತ್ತದಾ ಲೋಕದಲ್ಲಿ?

ಕೊನೆಯ ಮನೆ ಸೂಲಗಿತ್ತಿ ಅಜ್ಜಿಯದು. ಒಳಗೆ ಕಾಲಿಟ್ಟವಳು ಬೆರಗಾದಳು. ಗೋಡೆಯುದ್ದಕ್ಕೂ ಸೀಸೆಗಳು, ಒಂದೊಂದರಲ್ಲೂ ಒಂದೊಂದು ಬಣ್ಣದ ಬೀಜ. ಕಪ್ಪು, ಹಳದಿ, ನವಿಲುಕಂಠದ ಬಣ್ಣದವು ಕೂಡ. ಒಂದರ ತಳದಲ್ಲಿ ಕುಂಕುಮದ ಮಚ್ಚೆ!

ಅಜ್ಜಿಯ ಮುಖ ಗಂಟಿಕ್ಕಿತ್ತು. ನಿನ್ನೆ ಸಂಜೆಯೇ ಬಂದಿದ್ದ, ಕೊಡಲಿಲ್ಲ ಎಂದರು. "ಅವನ ಹೆರಿಗೆ ಮಾಡಿಸಿದ್ದು ಈ ಕೈಯೇ. ಆದ್ರೂ ಕೊಡಲಿಲ್ಲ. ಹೆತ್ತವಳ ಬೀಜ ಬೇಯಿಸಿ ತಿನ್ನೋ ಕೈಗೆ ಬೀಜ ಯಾಕೆ?"

ಅವನ ಸುಳ್ಳಿನ ಬೆಲೆ ಅವಳಿಗೆ ಆಗ ತಿಳಿಯಿತು. ಒಂದು ನಿಜ ಹೇಳಿದ್ದರೆ ಅವನಿಗೆ ಬೀಜ ಸಿಗುತ್ತಿತ್ತು.

"ಅಜ್ಜಿ, ಬೇಯಿಸಿದ್ದು ನಾನು. ಗೊತ್ತಿಲ್ಲದೆ ಮಾಡಿದ್ದು, ಆದ್ರೆ ನಾನೇ. ನನ್ನ ಮರ್ಯಾದೆ ಉಳಿಸೋಕೆ ಅವರು ಸುಳ್ಳು ಹೇಳಿದ್ರು."

ಅಜ್ಜಿ ಸೀಸೆ ಇಳಿಸಿ ಹನ್ನೊಂದು ಕಾಳು ಎಣಿಸಿ ಅವಳ ಸೆರಗಿಗೆ ಹಾಕಿದರು. "ಬೇಯಿಸಿದವಳೇ ಬಿತ್ತಬೇಕು. ಮುಂದಿನ ಬೀಜ ಒಣಗಿ ಡಬ್ಬಿಗೆ ಬೀಳೋವರೆಗೂ ನೀರು ಹಾಕೋಳು ನೀನೇ. ಒಪ್ಪಿಗೆಯಾ?"

ಭಾನುವಾರ ಅವಳ ರಜೆ ಮುಗಿಯುತ್ತಿತ್ತು. ಒಂದೇ ಒಂದು ಕ್ಷಣ ಯೋಚಿಸಿದಳು. ಒಪ್ಪಿಗೆ ಎಂದಳು.

ದಾರಿಯುದ್ದಕ್ಕೂ ಪ್ರತಿ ಮನೆಯ ಬಾಗಿಲಲ್ಲಿ ನಿಂತು ನಿಜ ಹೇಳಿಕೊಂಡೇ ಬಂದಳು. ಕುಂಬಾರನಿಗೆ ಎರಡು ಸಲ ಹೇಳಿದಳು.

ಹೆಂಚಿನವನು ಅಲೆದಾಟ ಮುಗಿಸಿ ತನ್ನ ಮನೆಯ ಹಿತ್ತಲಲ್ಲಿ ಬರಿದಾದ ಪಾತಿಯ ಮುಂದೆ ಸುಮ್ಮನೆ ಕೂತಿದ್ದ. ಅವಳು ಸೆರಗು ಬಿಚ್ಚಿ ತೋರಿಸಿದಳು. ಅವನು ಕಾಳುಗಳನ್ನು ಒಂದೊಂದಾಗಿ ಬೆರಳಿಂದ ಮುಟ್ಟಿ ನೋಡಿದ.

"ಯಾಕೆ ಸುಳ್ಳು ಹೇಳಿದ್ರಿ?"

"ನೀವು ಹೋಗೋರು... ಊರು ನಗ್ತಾ ಕಳಿಸೋದು ಬೇಡ ಅನ್ನಿಸ್ತು."

"ಯಾವಾಗ ಗೊತ್ತಾಯ್ತು?"

"ತಟ್ಟೆ ಇಟ್ಟಾಗ್ಲೇ. ಬೆಂದ ಬೀಜ ವಾಪಸ್ ಬರುತ್ತಾ? ಅಮ್ಮ ಎಲ್ಲಾ ಬೀಜಕ್ಕೆ ಅಂತಾನೇ ಎತ್ತಿಡ್ತಿದ್ಲು. ಅದನ್ನ ನಾನು ಹೊಟ್ಟೆ ತುಂಬಾ ತಿಂದಿದ್ದು ನಿನ್ನೇನೇ ಮೊದಲು." ಅವನು ಕಣ್ಣೊರೆಸಿಕೊಂಡ. "ನೀವು ಬೇರೆ ಎದುರಿಗೆ ಕೂತು ನನ್ನ ಮುಖಾನೇ ನೋಡ್ತಿದ್ರಿ. ಹೇಗೆ ಹೇಳಲಿ?"

ಅವಳು ಅಜ್ಜಿಯ ಷರತ್ತು ಹೇಳಿದಳು. ಹೊಲಿಗೆ ಮಷಿನ್ ತರಿಸಿಕೊಳ್ಳುವುದಾಗಿಯೂ, ಅತ್ತೆಯ ಜಗಲಿಯೇ ಸಾಕೆಂದೂ ಹೇಳಿದಳು.

"ಬೀಜ ಒಣಗೋಕೆ ನಾಲ್ಕು ತಿಂಗಳು," ಎಂದ ಅವನು ಮೆಲ್ಲಗೆ. "ಅಜ್ಜಿ ಕೇಳಿದ್ದು ಅಷ್ಟೇ. ನಾನು... ಆಮೇಲೂ ಇರಿ ಅಂತ ಕೇಳ್ಲಾ?"

"ಅದನ್ನ ಕೇಳೋಕೆ ಇಷ್ಟು ಹೊತ್ತಾ?"

ಇಬ್ಬರೂ ಮಣ್ಣಿಗೆ ಮಂಡಿಯೂರಿದರು. ಅವನು ಬೆರಳಿಂದ ಕುಳಿ ಮಾಡಿದ, ಅವಳು ಕಾಳಿಟ್ಟಳು. ಹನ್ನೊಂದನೆಯದಕ್ಕೆ ಮಣ್ಣು ಮುಚ್ಚುವಾಗ ಅವನ ಕೈ ಅವಳ ಕೈಯ ಮೇಲೆ ನಿಂತಿತು. ಇಬ್ಬರೂ ತೆಗೆಯಲಿಲ್ಲ.

"ನಿಜ ಹೇಳಿ," ಎಂದಳು. "ನಿನ್ನೆ ರುಚಿ ಹೇಗಿತ್ತು?"

"ಉಪ್ಪು ಹಾಕೋದೇ ಮರೆತಿದ್ರಿ."

"ಅಯ್ಯೋ! ಮತ್ತೆ ಮೂರು ಸಲ ಬಡಿಸ್ಕೊಂಡ್ರಲ್ಲಾ?"

"ಬಡಿಸ್ತಿದ್ದಿದ್ದು ನೀವಲ್ವಾ?"