ಇಪ್ಪತ್ತೆಂಟು ನಿಮಿಷದ ಹಾಡು

"ಇದನ್ನ ಕೆತ್ತಿದ್ದು ಯಾರು?"

ಬಾಗಿಲು ತಟ್ಟುವ ಸೌಜನ್ಯವೂ ಇಲ್ಲದೆ ನುಗ್ಗಿದವನು ಸ್ಯಾಂಪಲ್ ರೆಕಾರ್ಡನ್ನು ಅವಳ ಮೇಜಿನ ಮೇಲೆ ಕುಕ್ಕಿದ.

"ನಾನೇ..."

"ಕಿವಿ ಇದೆಯೇನ್ರಿ ನಿಮಗೆ? ನನ್ನ ಹಾಡು ಪಕ್ಕದ ಮನೇಲಿ ಯಾರೋ ನುಡಿಸಿದ ಹಾಗೆ ಕೇಳ್ತಿದೆ!"

ಹಾಗಾದರೆ ಟೇಪಿನಲ್ಲಿ ಕೀಬೋರ್ಡ್ ನುಡಿಸಿದವನು ಇವನೇ! ಹನ್ನೊಂದು ದಿನ ಇವನ ಟೇಪು ಕೇಳಿ ಕೇಳಿ, ಅವಳಿಗೆ ಇವನ ಬೆರಳುಗಳ ಪರಿಚಯವಾಗಿಬಿಟ್ಟಿತ್ತು. ಬಾಯಿ ಇಷ್ಟು ಜೋರೆಂದು ಟೇಪು ಹೇಳಿರಲಿಲ್ಲ.

ಅವಳ ಅಣ್ಣನದು ಸಣ್ಣ ರೆಕಾರ್ಡ್ ಕಂಪನಿ. ಉದ್ದುದ್ದ ಹಾಡುಗಳ ಪ್ರೋಗ್ರೆಸಿವ್ ರಾಕ್ ಸಂಗೀತ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂಬ ಹಠ ಅವನದು. ಟೇಪಿನಲ್ಲಿದ್ದ ಹಾಡನ್ನು ರೆಕಾರ್ಡಿನ ಗೆರೆಗಳಾಗಿ ಕೆತ್ತುವುದು ಇವಳ ಕೆಲಸ. ಈ ಹಾಡು ಇಪ್ಪತ್ತೆಂಟು ನಿಮಿಷ. ರೆಕಾರ್ಡಿನ ಒಂದು ಬದಿಗೆ ಇಪ್ಪತ್ತೆರಡು ಹಿಡಿಸಿದರೇ ಹೆಚ್ಚು.

"ನಡುವಿನ ಆರು ನಿಮಿಷ ಹಾರಿಸಿಬಿಡು. ಒಂದೇ ಬೆರಳಲ್ಲಿ ಕುಟ್ಟುತ್ತಾ ಕೂತಿದ್ದಾನೆ, ಯಾರು ಕೇಳ್ತಾರೆ?" ಎಂದಿದ್ದ ಅಣ್ಣ. ಕೀಬೋರ್ಡಿನವನೂ ಒಲ್ಲದ ಮನಸ್ಸಿನಿಂದ ಒಪ್ಪಿದ್ದ.

ಅವಳು ಕತ್ತರಿಸಲಿಲ್ಲ. ಗೆರೆಗಳನ್ನು ಒತ್ತೊತ್ತಾಗಿ ಕೆತ್ತಿ ಇಡೀ ಹಾಡನ್ನು ಹಿಡಿಸಿದಳು. ಹಾಗೆ ಮಾಡಿದರೆ ಸದ್ದು ತಗ್ಗುತ್ತದೆ, ಬೇರೆ ದಾರಿಯಿಲ್ಲ. ಅಣ್ಣನಿಗೆ ಹೇಳಲಿಲ್ಲ.

ಈಗ ಅಣ್ಣ ಪಕ್ಕದ ಕೋಣೆಯಲ್ಲೇ ಫೋನಿನಲ್ಲಿದ್ದ. ಬಾಯಿಬಿಟ್ಟರೆ ಆ ಆರು ನಿಮಿಷಕ್ಕೆ ಇವತ್ತೇ ಕತ್ತರಿ!

"ಎಷ್ಟು ಹೊತ್ತು ಕೇಳಿದ್ರಿ?" ದನಿ ತಗ್ಗಿಸಿದಳು.

"ಎರಡು ನಿಮಿಷ. ಅಷ್ಟಕ್ಕೇ ತಲೆ ಕೆಟ್ಟುಹೋಯ್ತು."

"ಗಡಿಯಾರ ಎದುರಿಗಿಟ್ಕೊಂಡು ಪೂರ್ತಿ ಕೇಳಿ. ಆಮೇಲೂ ಬೈಯೋದಿದ್ರೆ ಬನ್ನಿ. ನಾನೆಲ್ಲೂ ಓಡಿಹೋಗಲ್ಲ."

ಅವನು ರೆಕಾರ್ಡ್ ಎತ್ತಿಕೊಂಡು ದಡದಡನೆ ಮೆಟ್ಟಿಲಿಳಿದ. ಹೋದರೆ ಹೋಗಲಿ... ಎಂದುಕೊಂಡಳು.

ಮರುದಿನ ಬೆಳಿಗ್ಗೆ ಬಂದವನು ಮೊದಲು ಅಣ್ಣನ ಕೋಣೆಗೆ ಹೋದ. ಸ್ವಲ್ಪ ಹೊತ್ತಿಗೆ ಇಬ್ಬರೂ ಈಚೆ ಬಂದರು. ಅಣ್ಣನ ಮುಖ ಕೆಂಪಾಗಿತ್ತು.

"ಏನೇ ಇದು? ಇವನೇನೋ ಒಪ್ಪಿಗೆ ಅಂತಾನೆ. ಸದ್ದೇ ಇಲ್ಲವಲ್ಲ! ಆರು ನಿಮಿಷ ತೆಗೆದಿಲ್ವಾ ನೀನು?"

"ಇಲ್ಲ ಅಣ್ಣ."

"ಇಷ್ಟು ಮೆತ್ತಗಿರೋದನ್ನ ಯಾರು ಕೇಳ್ತಾರೆ?"

"ಸದ್ದು ಸಾಲದವರು ಗುಂಡಿ ತಿರುಗಿಸ್ಕೊಳ್ತಾರೆ ಸಾರ್," ಎಂದ ಕೀಬೋರ್ಡಿನವನು. "ಕತ್ತರಿಸಿ ಬಿಸಾಕಿದ್ದನ್ನ ಎಲ್ಲಿಂದ ತರ್ತಾರೆ?"

ಅಣ್ಣ ಇಬ್ಬರನ್ನೂ ದುರುಗುಟ್ಟಿ ನೋಡಿದ. "ಸೇರ್ಕೊಂಡು ನನ್ನ ಕಂಪನಿ ಮುಳುಗಿಸಿ!" ಎಂದು ಗೊಣಗುತ್ತಲೇ ರೆಕಾರ್ಡ್ ಅಚ್ಚುಹಾಕುವ ಕಾರ್ಖಾನೆಗೆ ಫೋನು ಮಾಡಲು ಹೋದ.

ಕೀಬೋರ್ಡಿನವನು ಅಲ್ಲೇ ನಿಂತ.

"ನಿನ್ನೆ ಆಡಿದ್ದಕ್ಕೆ..." ಅವನು ತಡವರಿಸಿದ. "ತಪ್ಪಾಯ್ತು. ಆ ಆರು ನಿಮಿಷದಲ್ಲಿ ನನ್ನ ಕುರ್ಚಿ ಕಿರುಗುಟ್ಟೋದೂ ಹಾಗೇ ಇದೆ. ಅದನ್ನಾದರೂ ತೆಗೀಬಹುದಿತ್ತಲ್ಲ?"

"ಆಗ್ತಿರಲಿಲ್ಲ."

"ಯಾಕೆ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಅಲ್ಲೊಬ್ಬ ಮನುಷ್ಯ ಕೂತಿದ್ದಾನೆ ಅಂತ ಗೊತ್ತಾಗೋದೇ ಆಗ. ಹನ್ನೊಂದು ದಿನ ಆ ಸದ್ದಿಗೇ ಕಾಯ್ತಿದ್ದೆ..."

ಅವನು ಅವಳೆದುರಿನ ಕುರ್ಚಿ ಎಳೆದು ಕೂತ. ಆಮೇಲೆ ಮೆಲ್ಲಗೆ ಹೇಳಿದ:

"ಹೊಸದೊಂದು ಕಟ್ತಿದೀನಿ. ಎಷ್ಟುದ್ದ ಆಗುತ್ತೋ ಗೊತ್ತಿಲ್ಲ. ಈ ಸಲ ಟೇಪಲ್ಲಿ ಬೇಡ... ಎದುರಿಗೇ ಕೂತು ಕೇಳ್ತೀರಾ?"

"ಕೇಳ್ತೀನಿ," ಎಂದಳು. "ಕುರ್ಚಿಗೆ ಮಾತ್ರ ಎಣ್ಣೆ ಹಾಕ್ಬೇಡಿ!"