ತಣ್ಣಗಿರುವಾಗಲೇ ನೋಡಬೇಕು

ಸೋಮವಾರ ಬೆಳಿಗ್ಗೆ ಬಾಡಿಗೆ ಕುರ್ಚಿಯವರು ಬಂದರು. ಶುಕ್ರವಾರ ಲಾಡಿಪೋನನ್ನು ಮಣ್ಣು ಮಾಡಿ, ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿಸಿ, ಊರಿಗೆ ಊರೇ ಉಂಡು ಹೋದ ಮೇಲೆ ಅಂಗಳದಲ್ಲಿ ಉಳಿದದ್ದು ಇನ್ನೂರು ನೀಲಿ ಕುರ್ಚಿಗಳು ಮತ್ತು ಅವನ ಹೆಂಡತಿ ಮೊರೆನಿಕೆಜಿ. ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಲಾರಿಗೆ ಏರಿಸಿದರು. ಅವಳನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ.

ಮರುಭೂಮಿಯ ಧೂಳು, ಚಳಿ ಹೊತ್ತು ತರುವ ಹರ್ಮಟಾನ್ ಗಾಳಿಯ ಕಾಲ. ಇಬಾದಾನಿನ ತಗಡಿನ ಮಾಡುಗಳ ಮೇಲೆ, ಬಾಳೆ ಎಲೆಗಳ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಬೆಳಗಾಗುವುದರೊಳಗೆ ಬಿಳಿ ಧೂಳು ಕೂತಿರುತ್ತಿತ್ತು. ಅಂಗಳದಲ್ಲಿ ನಿಂತಿದ್ದ ಬೆಳ್ಳಿ ಬಣ್ಣದ ಕಾರಿನ ಮೇಲೆ ಮಾತ್ರ ಒಂದು ಕಣವೂ ಇರಲಿಲ್ಲ.

ಮೊರೆನಿಕೆಜಿ ಮಗಳು ತೇನಿಯನ್ನು ಎತ್ತಿಕೊಂಡು ಅದರ ಪಕ್ಕ ಹಾಯುವಾಗ ಆಯ ತಪ್ಪಿ ಬಾನೆಟ್ಟಿನ ಮೇಲೆ ಅಂಗೈ ಊರಿದಳು. ಬೆಚ್ಚಗಿತ್ತು. ಕಾರು ಬಂದು ನಿಂತದ್ದು ನಿನ್ನೆ ಸಂಜೆ.

"ಬಾ ಇಯಾವೋ, ಒಳಗೆ ಕೂತು ನೋಡು," ಎಂದ ಭಾವ ಸುಂಕನ್ಮಿ.

ಗಂಡನ ಮನೆಯವರಿಗೆ ಅವಳು ಇಯಾವೋ. ಸೊಸೆ, ಮದುವಣಗಿತ್ತಿ, ಎಲ್ಲಕ್ಕೂ ಅದೊಂದೇ ಮಾತು. ಗಂಡ ಸತ್ತರೂ ಆ ಮಾತು ಸಾಯುವುದಿಲ್ಲ ಎಂಬುದು ಅವಳಿಗೆ ಈ ವಾರ ತಿಳಿದಿತ್ತು.

ಸುಂಕನ್ಮಿಗೆ ಕಾರು ಕೊಡಿಸುವುದೇ ಕಸುಬು. ಕೀ ತಿರುಗಿಸಿದ. ಎಂಜಿನ್ ಸದ್ದಿಲ್ಲದೆ ಎದ್ದಿತು.

"ನೋಡಿದ್ಯಾ, ಹಾಲು ಕುಡಿದ ಬೆಕ್ಕಿನ ಹಾಗೆ! ಅಪ್ಪಟ ಟೊಕುನ್ಬೊ ಇದು, ಸಮುದ್ರ ದಾಟಿ ಬಂದ ಗಾಡಿ. ನಮ್ಮೂರ ರಸ್ತೆಯ ಒಂದು ಗುಂಡೀನೂ ಕಂಡಿಲ್ಲ. ಲಾಡಿಪೋ ತಾನೇ ನೋಡಿ ಆರಿಸಿದ್ದು. ಸತ್ತವನ ಆಸೆ, ಇಲ್ಲ ಅನ್ಬೇಡ."

"ಇಲ್ಲ ಅಂದೆನಾ?"

"ಶನಿವಾರ ಕೊಳ್ಳೋ ಕಾಗದಕ್ಕೆ ಸಹಿ ಹಾಕು. ಪಾದ್ರಿ ಬಂದು ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡ್ತಾರೆ, ನಾಲ್ಕು ಜನ ಕೂತು ಉಂಡು ಕುಡಿದು ಹೊಸ ಕಾರು ತೊಳೆಯೋ ಶಾಸ್ತ್ರ ಮಾಡ್ತೀವಿ. ಆಮೇಲೆ ನಿನ್ನನ್ನೂ ಮಗೂನೂ ಇದರಲ್ಲೇ ನಮ್ಮೂರು ಇಸೇಯಿನ್‌ಗೆ ಕರ್ಕೊಂಡು ಹೋಗ್ತೀನಿ. ನಮ್ಮನೇಲಿ ಇರಿ."

"ಎಷ್ಟು ದಿನ, ಭಾವ?"

"ದಿನ ಯಾಕೆ ಲೆಕ್ಕ ಹಾಕ್ತೀಯ? ನೀನು ನಮ್ಮ ಮನೆ ಇಯಾವೋ ಅಲ್ವಾ?"

ನಗುತ್ತಾ ಒಳಗನ್ನಡಿ ಸರಿಮಾಡಿದ. ಅದು ಹಿಂದಿನ ಗಾಜಿನ ಕಡೆಗಲ್ಲ, ಅವಳ ಕಡೆಗೆ ತಿರುಗಿತು.

*

ಮಧ್ಯಾಹ್ನ ಲಾಡಿಪೋನ ಪ್ಯಾಂಟುಗಳನ್ನು ಮಡಚುವಾಗ ಒಂದು ಜೇಬು ಭಾರವಾಗಿತ್ತು. ಕರವಸ್ತ್ರದಲ್ಲಿ ಸುತ್ತಿದ ಅಯಸ್ಕಾಂತ. ಜೊತೆಗೆ ಒಂದು ಚೀಟಿ, ಅವನ ದುಂಡು ಅಕ್ಷರ: ಬಾನೆಟ್ ಮೇಲೆ ಕೈ, ತಣ್ಣಗಿರಬೇಕು. ಬೆಲ್ಟ್ ಪೂರ್ತಿ ಎಳೆ. ಬಾಗಿಲುಗಳ ನಡುವಿನ ಕಂಬಕ್ಕೆ ಅಯಸ್ಕಾಂತ. ಮೆಕ್ಯಾನಿಕ್ ಅಜಿಬಾದೆಗೆ ವಾಪಸ್ ಕೊಡು.

ಲಾಡಿಪೋ ಶಾಲೆಯ ಮೇಷ್ಟ್ರು. ಉಪ್ಪು ತಂದರೂ ಚೀಟಿಯಲ್ಲಿ ಟಿಕ್ ಹಾಕುವವನು. ಇಲ್ಲಿ ಒಂದಕ್ಕೂ ಟಿಕ್ ಇರಲಿಲ್ಲ. ಕಾರು ನೋಡಲು ಹೋಗಬೇಕಿದ್ದ ದಿನವೇ ಅವನಿಗೆ ಜ್ವರ ಏರಿತ್ತು. ಮೂರನೆಯ ದಿನ ಅವನೇ ಇರಲಿಲ್ಲ.

ತಾನೇ ನೋಡಿ ಆರಿಸಿದ್ದು, ಎಂದಿದ್ದ ಭಾವ.

"ಏನದು?" ಬಾಗಿಲಲ್ಲಿ ಅತ್ತೆ.

"ಕಡ ತಂದದ್ದು, ಅತ್ತೆ."

"ಕೊಟ್ಟು ಬಾ. ಸತ್ತವರು ಕಡ ತಂದದ್ದು ಮನೇಲಿದ್ರೆ ಅದನ್ನ ಹುಡುಕ್ಕೊಂಡು ಅವರೂ ಬರ್ತಾರೆ."

*

ಅಜಿಬಾದೆಯ ಗ್ಯಾರೇಜು ಎಂದರೆ ಒಂದು ಬೇವಿನ ಮರ ಮತ್ತು ಅದರ ನೆರಳು. ಟ್ಯಾಕ್ಸಿಯ ಅಡಿಯಿಂದ ಎರಡು ಕಾಲುಗಳು ಹೊರಗಿದ್ದವು.

"ಸಂಜೆಗೆ ಸಿಗುತ್ತೆ ಅಂತ ಹೇಳಿದ್ನಲ್ಲ, ಓಗಾ, ಯಜಮಾನ್ರೇ!" ಎಂದವು ಕಾಲುಗಳು.

"ನಾನು ಓಗಾ ಅಲ್ಲ."

ಕಾಲುಗಳು ಸ್ತಬ್ಧವಾದವು. ಅವನು ಜಾರಿ ಹೊರಬಂದು ಎದ್ದು, ತಲೆ ಬಾಗಿಸಿ, ಮಸಿ ಹತ್ತಿದ ಕೈಗಳನ್ನು ಬೆನ್ನ ಹಿಂದೆ ಮರೆಮಾಡಿದ. ಹಣೆಯ ಮೇಲಿನ ಎಣ್ಣೆಯ ಗೆರೆಯನ್ನು ಮರೆಮಾಡಲು ಅವನಲ್ಲಿ ಬೇರೆ ಕೈ ಇರಲಿಲ್ಲ.

"ತೇನಿ ಅಮ್ಮ. ಕ್ಷಮಿಸಿ. ಮಾತಾಡಿಸೋಕೆ ಬರಬೇಕಿತ್ತು, ಮಣ್ಣಿನ ದಿನ..."

"ಬಂದಿದ್ರಿ. ಬಿಳಿ ಅಂಗಿ."

"ನೋಡಿದ್ರಾ?"

"ಇನ್ನೂರು ಕುರ್ಚಿ ಹಾಕಿದ್ರು. ನಿಂತಿದ್ದವರು ನೀವೊಬ್ಬರೇ."

ಅವನು ನಗಲಿಲ್ಲ, ಆದರೆ ಕಣ್ಣಂಚಿನಲ್ಲಿ ಏನೋ ಮಡಿಕೆ ಬಿದ್ದು ಮಾಯವಾಯಿತು. ಅವಳು ಕರವಸ್ತ್ರ ಬಿಚ್ಚಿದಳು.

"ಇದನ್ನ ಉಪಯೋಗಿಸಿದ್ರಾ ಮೇಷ್ಟ್ರು?" ಎಂದ ಅವನು.

"ಇಲ್ಲ. ಕಾರು ಮನೇಲಿ ನಿಂತಿದೆ. ಬೆಳಿಗ್ಗೆ ಆರಕ್ಕೆ ಬಾನೆಟ್ ಬೆಚ್ಚಗಿತ್ತು."

ಅಜಿಬಾದೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಹಾಗಾದ್ರೆ ನೀವೇ ಇಟ್ಕೊಳ್ಳಿ ಇವತ್ತು. ಬಿಸಿ ಎಂಜಿನ್ ನೆಂಟರ ಮುಂದೆ ಮಾತಾಡಿದ ಹಾಗೆ, ಬರೀ ಒಳ್ಳೇದೇ ಹೇಳುತ್ತೆ. ತಣ್ಣಗಿರೋದು ಸುಳ್ಳು ಹೇಳಲ್ಲ, ಮೇಡಂ. ಯಾವಾಗಲೂ ತಣ್ಣಗಿರುವಾಗಲೇ ನೋಡಬೇಕು. ನಾಳೆ ಬೆಳಕು ಹರಿಯೋ ಹೊತ್ತಿಗೆ ಬರ್ತೀನಿ. ಕೀ ಮಾತ್ರ ನಿಮ್ಮ ಹತ್ರ ಇರಲಿ."

"ಭಾವ ಕೇಳಿದ್ರೆ?"

"ಮೇಷ್ಟ್ರ ಹೆಂಡತಿಗೆ ಸುಳ್ಳು ಹೇಳಿಕೊಡೋಷ್ಟು ಓದಿಲ್ಲ ನಾನು."

ಅವಳ ತುಟಿ ಒಂದು ಕೂದಲೆಳೆಯಷ್ಟು ಅಲುಗಿತು. ಎಷ್ಟೋ ದಿನಗಳ ಮೇಲೆ. ಅವನು ನೋಡಿದ, ನೋಡಿದ್ದನ್ನು ಮುಚ್ಚಿಡಲು ಟ್ಯಾಕ್ಸಿಯ ಟೈರಿಗೆ ಸುಮ್ಮನೆ ಒದ್ದ.

*

ತೇನಿಗೆ ಕಾರಿನ ರೇಡಿಯೋ ಕೇಳಬೇಕಂತೆ ಎಂದು ಸಂಜೆ ಭಾವನಿಂದ ಕೀ ಇಸಿದುಕೊಂಡವಳು ಅದನ್ನು ದಿಂಬಿನಡಿ ಇಟ್ಟು ಮಲಗಿದಳು.

ಕೋಳಿ ಕೂಗುವ ಹೊತ್ತಿಗೆ ಬಾಗಿಲ ಮೇಲೆ ಬೆರಳಿನ ಸದ್ದು.

"ಇಯಾವೋ. ಕೀ."

ಅವಳು ದಿಂಬಿನಡಿ ಕೈ ಹಾಕಿ ಕೀ ಹಿಡಿದಳು.

"ಇಯಾವೋ, ಎದ್ದಿದ್ದೀಯ ಅಂತ ಗೊತ್ತು."

ಹಿಡಿ ಮೆಲ್ಲಗೆ ಒಂದು ಸಲ ತಿರುಗಿತು. ಚಿಲಕ ತಡೆಯಿತು. ಆಮೇಲೆ ಹೆಜ್ಜೆಗಳು ದೂರ ಹೋಗಲಿಲ್ಲ. ಬಾಗಿಲಾಚೆ ಸುಂಕನ್ಮಿ ನಿಂತೇ ಇದ್ದ. ಈಚೆ ಅವಳು ಮಗಳ ಬೆನ್ನ ಮೇಲೆ ಕೈಯಿಟ್ಟು ಕೂತೇ ಇದ್ದಳು. ಗೇಟಿನ ಬಳಿ ಯಾರೋ ಗಟ್ಟಿಯಾಗಿ ಕೆಮ್ಮುವವರೆಗೆ.

ಅಜಿಬಾದೆ ಒಗೆದ ಅಂಗಿ ತೊಟ್ಟು ಬಂದಿದ್ದ. ಕಾರಿನ ಮೇಲೆ ಈಗ ಎಲ್ಲದರ ಮೇಲಿದ್ದಂತೆಯೇ ಧೂಳಿತ್ತು.

"ಕೈಯಿಡಿ," ಎಂದ.

ಇಟ್ಟಳು. ಕಲ್ಲಿನಂತೆ ತಣ್ಣಗಿತ್ತು. ಕೀ ತಿರುಗಿಸಿದರೆ ಎಂಜಿನ್ ಮುದುಕನಂತೆ ಗೊರಗುಟ್ಟಿತು, ನಿಂತಿತು, ನಾಲ್ಕನೆಯ ಸಲಕ್ಕೆ ನಡುಗುತ್ತಾ ಎದ್ದು ನೀಲಿ ಹೊಗೆ ಉಗುಳಿತು.

"ಚಳಿ ಕಣಯ್ಯಾ!" ಎಂದ ಸುಂಕನ್ಮಿ, ಮೆಟ್ಟಿಲ ಮೇಲಿಂದ. "ಹರ್ಮಟಾನಲ್ಲಿ ಮನುಷ್ಯರೇ ಏಳಲ್ಲ!"

"ಬೆಲ್ಟ್ ಎಳೀರಿ, ತೇನಿ ಅಮ್ಮ. ಪೂರ್ತಿ."

ಹಿಂದಿನ ಸೀಟಿನ ಬೆಲ್ಟನ್ನು ಅವಳು ಎಳೆದಳು. ಕಪ್ಪು ಪಟ್ಟಿ ಹೊಳೆಯುತ್ತಾ ಬಂತು. ಕೊನೆಯ ಒಂದು ಮೊಳ ಕಂದು. ನಡುವೆ ಗೀಟು ಎಳೆದಂತೆ ನೀರು ನಿಂತ ಗುರುತು. ಕೆಸರಿನ ವಾಸನೆ, ಹಳೆಯದು, ಯಾವುದೋ ಪರದೇಶದ ಹೊಳೆಯದು. ಸೀಟಿನ ಅಡಿಯ ಸಂದಿಯಲ್ಲಿ ಮಣ್ಣು ಮೆತ್ತಿದ ಪುಟ್ಟ ಹೇರ್‌ಕ್ಲಿಪ್ ಸಿಕ್ಕಿಕೊಂಡಿತ್ತು. ತೇನಿಯಂಥ ಮಗುವಿನದು.

ಯಾರ ಮಗು, ಮುಳುಗಿದ ಕಾರಿನಿಂದ ಹೊರಗೆ ಬಂತೇ ಇಲ್ಲವೇ ಎಂದು ಯಾರೂ ಕೇಳಲಿಲ್ಲ.

ಅವಳು ತಾನೇ ಅಯಸ್ಕಾಂತ ತೆಗೆದು ಎರಡು ಬಾಗಿಲುಗಳ ನಡುವಿನ ಕಂಬಕ್ಕೆ ಹಿಡಿದಳು. ಕೈ ಬಿಟ್ಟಳು. ಅದು ಸರ್ರನೆ ಜಾರಿ ಅವಳ ಅಂಗೈಗೆ ಬಿತ್ತು. ಇನ್ನೊಂದು ಬದಿ. ಅಲ್ಲೂ ಬಿತ್ತು.

"ಕಬ್ಬಿಣ ಅಲ್ಲ, ಬಣ್ಣದಡಿ ಮೆತ್ತಿದ ಪುಟ್ಟಿ," ಎಂದ ಅಜಿಬಾದೆ ತಗ್ಗಿದ ದನಿಯಲ್ಲಿ. "ಇದು ಒಂದು ಕಾರಲ್ಲ. ಮುಂದಿನರ್ಧ ಒಂದರದು, ಹಿಂದಿನರ್ಧ ಇನ್ನೊಂದರದು, ಬೆಸೆದಿದ್ದಾರೆ. ಮತ್ತೆ ಎರಡಾಗೋಕೆ ಇಸೇಯಿನ್ ದಾರೀಲಿ ಒಂದು ಗುಂಡಿ ಸಾಕು. ನೀವಿಬ್ಬರು ಹಿಂದೆ ಕೂತಿರ್ತೀರಿ."

"ಕಾಯೋಕೆ ದೇವರಿಲ್ವಾ?" ಸುಂಕನ್ಮಿ ಇಳಿದು ಬಂದ. "ಶನಿವಾರ ತೊಳೀತೀವಿ ಅಂದ್ನಲ್ಲ!"

"ಆಗಲೇ ತೊಳೆದಿದ್ದಾರೆ, ಅಣ್ಣ. ಹೊಳೆ ತೊಳೆದಿದೆ."

ಸುಂಕನ್ಮಿ ಕೀಗಾಗಿ ಕೈ ಚಾಚಿದ. ಮೊರೆನಿಕೆಜಿ ಅದನ್ನು ಅವನ ಅಂಗೈಯಲ್ಲಿಟ್ಟಳು. ಹೇರ್‌ಕ್ಲಿಪ್ಪನ್ನೂ ಇಟ್ಟಳು.

"ಶನಿವಾರ ನಾನು ಇಸೇಯಿನಿಗೆ ಬಸ್ಸಲ್ಲಿ ಬರ್ತೀನಿ, ಭಾವ. ನಿಮ್ಮನೇಲಿ ಅವರಿಗಾಗಿ ಪ್ರಾರ್ಥನೆ ಮುಗಿಸಿ ಭಾನುವಾರ ವಾಪಸ್."

"ಯಾರು ವಾಪಸ್ ಕಳಿಸ್ತಾರೆ ನಿನ್ನ?"

"ನಾನು ಕಳಿಸ್ತೀನಿ," ಎಂದರು ಅತ್ತೆ. ಅವರು ಯಾವಾಗಿನಿಂದ ಹೊಸ್ತಿಲಲ್ಲಿ ನಿಂತಿದ್ದರೋ. ಅವರ ಕಣ್ಣು ಮಗನ ಅಂಗೈಯಲ್ಲಿದ್ದ ಕ್ಲಿಪ್ಪಿನ ಮೇಲಿತ್ತು.

*

ನಲವತ್ತನೆಯ ದಿನದ ಪ್ರಾರ್ಥನೆ ಕಳೆದ ಮರುದಿನ ಅವಳು ಬೇವಿನ ಮರದಡಿಗೆ ಹೋದಳು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಅಜಿಬಾದೆ ಬಿಸಿ ಅಕಾರಾ ವಡೆಗಳನ್ನು ಕಾಗದದಲ್ಲಿ ಹಿಡಿದು ನಿಂತಿದ್ದ. ಅವಳನ್ನು ಕಂಡು ತಿನ್ನುವುದನ್ನು ಮರೆತ.

ಅವಳು ಕರವಸ್ತ್ರದಿಂದ ಅಯಸ್ಕಾಂತ ತೆಗೆದು ಪಕ್ಕದ ಹಳೆಯ ಟ್ಯಾಕ್ಸಿಯ ಬಾನೆಟ್ಟಿನ ಮೇಲಿಟ್ಟಳು. ಟಪ್ ಎಂದು ಹಿಡಿಯಿತು.

"ಇದು ನಿಜವಾದ ಕಬ್ಬಿಣ," ಎಂದ ಅವನು. ಅಯಸ್ಕಾಂತದ ಮೇಲೆ ಬೆರಳಿಟ್ಟು, "ಇದು ನಿಮ್ಮ ಹತ್ರಾನೇ ಇರಲಿ ಅಂದ್ಕೊಂಡಿದ್ದೆ," ಎಂದ.

"ಯಾಕೆ?"

"ವಾಪಸ್ ಕೊಡೋ ನೆಪಕ್ಕಾದ್ರೂ ಒಂದು ದಿನ ಬರ್ತೀರಲ್ಲ ಅಂತ. ಈಗ ಕೊಟ್ಟುಬಿಟ್ರಿ."

"ಅದು ಅವರು ಕಡ ತಂದದ್ದು. ಅವರದು ಮುಗೀಬೇಕು." ಕರವಸ್ತ್ರವನ್ನು ಮಡಚಿ ತನ್ನಲ್ಲೇ ಇಟ್ಟುಕೊಂಡಳು. "ನಾನು ಬರೋದಾದ್ರೆ ನೆಪ ಇಲ್ಲದೇ ಬರ್ತೀನಿ."

ಅವನು ಕೈಯನ್ನು ಅಂಗಿಗೆ ಒರೆಸಿದ. ಮತ್ತೆ ಒರೆಸಿದ.

"ಮೊರೆನಿಕೆಜಿ," ಎಂದ.

ಇಯಾವೋ ಅಲ್ಲ, ತೇನಿ ಅಮ್ಮನಲ್ಲ. ನನಗೊಂದು ಜೊತೆ ಸಿಕ್ಕಿತು ಎಂಬ ಅರ್ಥ ಬರುವಂತೆ ಅಪ್ಪ ಇಟ್ಟ ಹೆಸರು. ನಲವತ್ತು ದಿನಗಳಿಂದ ಯಾರ ಬಾಯಲ್ಲೂ ಬಾರದ್ದು.

ಅವಳು ಕೈ ನೀಡಿದಳು. ಅವನು ಮುಟ್ಟಿ ಬೆಚ್ಚಿಬಿದ್ದ.

"ಎಷ್ಟು ತಣ್ಣಗಿದೆ!"

"ತಣ್ಣಗಿರುವಾಗಲೇ ನೋಡಬೇಕು ಅಂದವರು ನೀವೇ ಅಲ್ವಾ?" ಎಂದಳು.