ಸಾವೊದವನ ‘ಅನ್ನಬಹುದು’

ಮದುವೆಯಾಗದೆ ಉಳಿಯುವವರ ಜೀನ್ ಸಿಕ್ಕಿದೆಯಂತೆ!

ಸಂಶೋಧಕ ಆರ್ವೋ ಪರದೆಯ ಮೇಲಿನ ಕೆಂಪು ಚುಕ್ಕೆ ತೋರಿಸಿದ. ಲಕ್ಷಾಂತರ ಜನರ ರಕ್ತ ಜಾಲಾಡಿ ಹಿಡಿದ ಚುಕ್ಕೆ. ಫಿನ್‌ಲೆಂಡಿನ ರಾಜಧಾನಿ ಹೆಲ್ಸಿಂಕಿಯ ಆ ಸಭೆಯಲ್ಲಿ ಪದವಿ ಹೊತ್ತ ಕುರಿಗಳೆಲ್ಲ ಚಪ್ಪಾಳೆ ತಟ್ಟಿದವು.

ಸೈಮಿಗೆ ಮೈ ಉರಿಯಿತು. ದೇಶದ ಪಶ್ಚಿಮ ತುದಿಯ ಟುರ್ಕುವಿನಿಂದ ಬಂದು ಅಂದೇ ಕೆಲಸಕ್ಕೆ ಸೇರಿದ್ದ ಸಂಖ್ಯಾಶಾಸ್ತ್ರಜ್ಞೆ ಅವಳು.

“ಈ ಗುರುತು ಇರೋರು ಯಾವ ಕಡೆಯೋರು ಅಂತ ನೋಡಿದ್ರಾ? ಎಲ್ಲಾ ಪೂರ್ವದೋರು. ಅಲ್ಲಿನ ಹಳ್ಳಿ ಹುಡುಗೀರು ಪಟ್ಟಣ ಸೇರಿದ್ರು, ಗಂಡಸರು ಒಂಟಿಯಾದ್ರು. ನೀವು ಹಿಡಿದಿರೋದು ಜೀನ್ ಅಲ್ಲ ಸ್ವಾಮಿ, ಊರು.”

“ಇರಬಹುದು” ಎಂದ ಆರ್ವೋ, ತಣ್ಣಗೆ.

ಇಂಥ ಬೆನ್ನೆಲುಬಿಲ್ಲದವನನ್ನು ಅವಳು ಕಂಡಿರಲಿಲ್ಲ. ಆದರೆ ಲೆಕ್ಕವನ್ನು ಇಬ್ಬರೂ ಕೂತು ಮತ್ತೆ ಮಾಡಬೇಕಾಯಿತು. ಹುಟ್ಟಿದೂರಿನ ವ್ಯತ್ಯಾಸ ಕಳೆದಾಗ ಚುಕ್ಕೆ ನೆಲಕಚ್ಚಿತು. ಅವನು ಮುನಿಯಲಿಲ್ಲ, ಅವಳಿಗೂ ಕಾಫಿ ಬಗ್ಗಿಸಿ ತಂದ. ಚಳಿಗಾಲ ಮುಗಿಯುವಷ್ಟರಲ್ಲಿ ಸೈಮಿ ಅವನಿಗೆ ಮನಸೋತಿದ್ದಳು... ತನ್ನ ಮೇಲೆ ತನಗೇ ಹೇಸಿಗೆ!

ಆಗ ಎಸ್ಟೋನಿಯಾದಿಂದ ಕೆಲಸದ ಕರೆ ಬಂತು. ಟ್ರಾಮ್ ನಿಲ್ದಾಣದಲ್ಲಿ ಆರ್ವೋನನ್ನು ಕೇಳಿಯೇಬಿಟ್ಟಳು.

“ನಾನು ಹೋಗೋದು ಬೇಡ ಅಂತೀಯಾ?”

ಅವನು ಬೂಟು ನೋಡುತ್ತಾ ನಿಂತ. “ಬೇಡ ಅಂತಾನೂ ಅನ್ನಬಹುದು.”

ಅಷ್ಟೇ ತಾನೇ ನಾನು ಇವನಿಗೆ? ಮನೆಗೆ ಬಂದು ಅತ್ತಳು, ಮರುದಿನ ಮೇಜು ಖಾಲಿ ಮಾಡತೊಡಗಿದಳು. ಕಚೇರಿಯ ಹಿಲ್ಕಾ ಕಾರಣ ಕೇಳಿದಾಗ ಆ ಹೇಡಿಯ ಮಾತನ್ನು ಅಣಕಿಸಿ ತೋರಿಸಿದಳು.

ಹಿಲ್ಕಾ ಬಿದ್ದುಬಿದ್ದು ನಕ್ಕಳು. “ಅಯ್ಯೋ ಹುಚ್ಚಿ, ಅವನೂ ನನ್ನ ಹಾಗೆ ಪೂರ್ವದ ಸಾವೊ ಸೀಮೆಯೋನು ಕಣೇ. ನಮ್ಮ ಕಡೆ ನೆಟ್ಟಗೆ ‘ಹೌದು’ ಅನ್ನೋದು ಪಾದ್ರಿ ಮುಂದೆ ಮಾತ್ರ. ಅವನು ಅಂದಿದ್ದು ಕಾಲಿಗೆ ಬಿದ್ದು ಬೇಡಿಕೊಂಡ ಹಾಗೆ.”

ಸೈಮಿಯ ಮುಖ ಕೆಂಪಾಯಿತು. ಜನ ಯಾವ ಊರವರೆಂದು ನೋಡಲಿಲ್ಲವೆಂದು ತುಂಬಿದ ಸಭೆಯಲ್ಲಿ ಅವನ ಮಾನ ಕಳೆದ ಜಾಣೆ, ಅವನ ಮಾತು ಯಾವ ಊರಿನದೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅವನ ಕೋಣೆಗೆ ನುಗ್ಗಿ ಬಾಗಿಲು ಹಾಕಿದಳು. “ಟುರ್ಕುವಿನೋಳಿಗೆ ಅರ್ಥ ಆಗೋ ಹಾಗೆ ಹೇಳು.”

ಆರ್ವೋನ ಕಿವಿ ಕೆಂಪಾದವು. ಬೆವರಿದ. ತೊದಲಿದ.

“ಹೋಗಬೇಡ ಸೈಮಿ. ನೀನಿಲ್ಲದೆ ನಂಗಾಗಲ್ಲ.”

ಅವಳ ಕಣ್ಣು ತುಂಬಿತು. “ಇಷ್ಟು ಹೇಳೋಕೆ ಸಾಯ್ತಿದ್ದೆಯಲ್ಲೋ, ಹೇಡಿ.”

“ಮೆಲ್ಲಗೆ... ಪಕ್ಕದ ಕೋಣೆಯೋರಿಗೆ ಕೇಳಿಸುತ್ತೆ.”

“ಕೇಳಿಸ್ಲಿ. ಇನ್ನೊಂದ್ಸಲ ಹೇಳು.”